ಗೇಟಿನ ಬಳಿ ಏರುವ ಗೆರೆ

ಲಾರಿ ಹಿಂದಿನಿಂದ ಬಂದು ಗುದ್ದಬಹುದಿತ್ತು. ನಾಚಾರಂ ಕೈಗಾರಿಕಾ ವಸಾಹತಿನ ನಾಯಿಗಳು ಗುಂಪು ಕಟ್ಟಿಕೊಂಡು ಬೆನ್ನಟ್ಟಿ ಮೀನಖಂಡಕ್ಕೇ ಬಾಯಿ ಹಾಕಬಹುದಿತ್ತು. ಮೊಳಕಾಲುದ್ದ ನೀರು ನಿಂತ ರಸ್ತೆಯಲ್ಲಿ ಯಾರೋ ಮುಚ್ಚಳ ತೆಗೆದಿಟ್ಟ ಮ್ಯಾನ್‌ಹೋಲ್ ಇದ್ದು, ನಾವಿಬ್ಬರೂ ಸೈಕಲ್ ಸಮೇತ ಒಬ್ಬರ ಹಿಂದೆ ಒಬ್ಬರು ಅದರೊಳಗೆ ಇಳಿದುಹೋಗಬಹುದಿತ್ತು. ಹಿಂದೆ ಇರುವವನು ನಾನಾದ್ದರಿಂದ, ಮುಂದಿನವರು ಮಾಯವಾದದ್ದನ್ನು ಕಣ್ಣಾರೆ ಕಂಡೂ ಬ್ರೇಕ್ ಒತ್ತಲು ಮರೆಯಬಹುದಿತ್ತು. ಕರೆಂಟಿನ ತಂತಿ ಹರಿದು ನೀರಿಗೆ ಬಿದ್ದಿರಬಹುದಿತ್ತು. ಶರಣಪ್ಪನವರ ಸಕ್ಕರೆ ಏಕಾಏಕಿ ಇಳಿದು ಕಣ್ಣು ಕತ್ತಲಿಡಬಹುದಿತ್ತು. ನನ್ನ ಜೇಬಿನಲ್ಲಿದ್ದ ಗ್ಲೂಕೋಸ್ ಪುಡಿ ಮಳೆಗೆ ನೆನೆದು ಗಟ್ಟಿಯಾಗಿರಬಹುದಿತ್ತು. ಅವರ ಕೈಗಡಿಯಾರ ಎದೆಬಡಿತವನ್ನು ತಪ್ಪು ತೋರಿಸಿ, ನಾವದನ್ನು ನಂಬಿ ಕೆಡಬಹುದಿತ್ತು. ಅಥವಾ ಸರಿಯಾಗಿಯೇ ತೋರಿಸಿ, ನಾವು ನಂಬದೆ ಕೆಡಬಹುದಿತ್ತು. ಎಲ್ಲ ಸರಿಹೋಗಿ ಕೊನೆಗೆ ವೈದ್ಯಕೀಯ ಪರೀಕ್ಷೆಯ ದಿನ, ಡಾಕ್ಟರು ತೋಳಿಗೆ ಪಟ್ಟಿ ಸುತ್ತಿದ ಕ್ಷಣದಲ್ಲೇ, ಪಾದರಸ ಮೇಲಕ್ಕೆ ಓಡಿಬಿಡಬಹುದಿತ್ತು.

ಒಂದು ಮಳೆಗಾಲಕ್ಕೆಂದು ನಾನು ಮುಂಗಡವಾಗಿ ಯೋಚಿಸಿ ಇಟ್ಟುಕೊಂಡಿದ್ದ ಅನಾಹುತಗಳಿವು. ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ ಒಂದು. ತೀರ ಚಿಕ್ಕದು, ನನ್ನ ಲೆಕ್ಕದಲ್ಲೇ ಇಲ್ಲದ್ದು.

ಮೊನ್ನೆ ಮನೆಯ ಗ್ರೈಂಡರಿನ ಮೋಟಾರು ಸುಟ್ಟಿತೆಂದು ರಿಪೇರಿಗೆ ನಾಚಾರಂಗೆ ಹೋಗಿದ್ದೆ. ಸ್ಕೂಟರ್ ತಿರುವು ದಾಟುತ್ತಲೇ ಬಿಸ್ಕತ್ತು ಬೇಯುವ ವಾಸನೆ ಮೂಗಿಗೆ ಬಡಿಯಿತು. ಅಲ್ಲೊಂದು ಸಣ್ಣ ಬಿಸ್ಕತ್ತಿನ ಕಾರ್ಖಾನೆಯಿದೆ. ಬೆಳಗಿನ ಹೊತ್ತು ಅದರ ಚಿಮಣಿಯಿಂದ ಬೆಣ್ಣೆ, ಹಾಲು, ಸುಟ್ಟ ಸಕ್ಕರೆ ಬೆರೆತ ಒಂದು ಬೆಚ್ಚನೆಯ ಗಾಳಿ ಇಳಿದು ರಸ್ತೆಯ ಮೇಲೆ ಕೂತುಬಿಡುತ್ತದೆ. ಮಳೆ ಬಂದರೆ ಅದು ಅಲ್ಲಿಂದ ಏಳುವುದೇ ಇಲ್ಲ. ಗಾಡಿ ಪಕ್ಕಕ್ಕೆ ಹಾಕಿ ಸ್ವಲ್ಪ ಹೊತ್ತು ನಿಂತೆ. ಗ್ರೈಂಡರಿನ ಮೋಟಾರು ಸೀಟಿನ ಮುಂದೆ ಮಗುವಿನ ಹಾಗೆ ಕೂತಿತ್ತು. ನಾನು ಆ ಮಳೆಗಾಲಕ್ಕೆ ವಾಪಸ್ ಹೋಗಿಬಿಟ್ಟಿದ್ದೆ.

ನಾನು ರೈಲ್ವೆಯಲ್ಲಿ ಗಾರ್ಡ್. ಈಗ ಆ ಹುದ್ದೆಗೆ ದೊಡ್ಡ ಹೆಸರೊಂದು ಬಂದಿದೆ. ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯವರಿಗೆ ಮಾತ್ರ ನಾನು ಇನ್ನೂ ಗಾರ್ಡ್ ಸಾಬ್. ರೈಲಿನ ಕೊನೆಯ ಡಬ್ಬಿಯಲ್ಲಿ ಕೂತು, ಹಿಂದೆ ಓಡುವ ಹಳಿಗಳನ್ನು ನೋಡುತ್ತಾ, ಏನೂ ಆಗದಿರಲಿ ಎಂದು ಹಾರೈಸುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತದೆ. ಚಿಂತೆ ಮಾಡುವ ಸ್ವಭಾವದಿಂದ ನೌಕರಿ ಸಿಕ್ಕಿತೋ, ನೌಕರಿಯಿಂದ ಸ್ವಭಾವ ಬಂತೋ ತಿಳಿಯದು. ನನ್ನ ಹೆಂಡತಿ ಮಂಗಲಾ ಮೊದಲನೆಯದೇ ನಿಜ ಎನ್ನುತ್ತಾಳೆ. ಮದುವೆಯ ದಿನ ತಾಳಿ ಕಟ್ಟುವಾಗ ಗಂಟು ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದ್ದೆನಂತೆ.

ಶರಣಪ್ಪ ಎಂಜಿನ್ ಡ್ರೈವರ್. ಗದಗದ ಕಡೆಯವರು. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಅವರ ಮನೆ. ವರ್ಷಗಟ್ಟಲೆ ಒಂದೇ ಗಾಡಿಯ ಎರಡು ತುದಿಗಳಲ್ಲಿ ಕೂತು ಕೆಲಸ ಮಾಡಿದ್ದೇವೆ. ಅಂದರೆ ನಮ್ಮ ಸ್ನೇಹದ ಬಹುಪಾಲು, ನಡುವೆ ಇಪ್ಪತ್ತು ಬೋಗಿ ಜನರನ್ನು ಇಟ್ಟುಕೊಂಡು, ವಾಕಿಟಾಕಿಯಲ್ಲಿ ನಡೆದದ್ದು. ಗಾಡಿ ಬಿಡುವಾಗ ನಾನು ಹಸಿರು ಬಾವುಟ ಬೀಸಿ “ರೈಟ್” ಅನ್ನಬೇಕು. ಅವರು “ರೈಟ್” ಎಂದು ಉತ್ತರ ಕೊಟ್ಟ ಮೇಲೆಯೇ ಚಕ್ರ ಉರುಳಬೇಕು. ಸಿಗ್ನಲ್ ಎದುರಾದಾಗ ಡ್ರೈವರು ಅದಕ್ಕೆ ಕೈ ತೋರಿಸಿ ಬಣ್ಣವನ್ನು ಬಾಯಿಬಿಟ್ಟು ಹೇಳಬೇಕು; ಪಕ್ಕದಲ್ಲಿರುವ ಸಹಾಯಕ ಅದನ್ನು ಮತ್ತೆ ಹೇಳಬೇಕು. ಕಣ್ಣು ಕಂಡದ್ದನ್ನು ಬಾಯಿ ಹೇಳಿ ಕಿವಿ ಕೇಳಿದರೆ ತಪ್ಪು ನುಸುಳದು ಎಂಬ ಲೆಕ್ಕ. ಈ ಅಭ್ಯಾಸ ಮೂವತ್ತು ವರ್ಷ ಮಾಡಿದವರಲ್ಲಿ ರಕ್ತಕ್ಕೇ ಇಳಿದಿರುತ್ತದೆ.

ಆ ವರ್ಷ ಮೇ ಕೊನೆಯಲ್ಲಿ, ಒಂದು ಸಂಜೆ, ಗಾಳಿಮಳೆ ಹೊಡೆಯುತ್ತಿತ್ತು. ಕಾಜೀಪೇಟೆಯಿಂದ ಸಿಕಂದರಾಬಾದಿಗೆ ವಾಪಸಾಗುತ್ತಿದ್ದೆವು. ಚರ್ಲಪಲ್ಲಿ ಇನ್ನೇನು ಬರಬೇಕು ಎನ್ನುವಲ್ಲಿ, ಮೊದಲೊಂದು ಗೇಟಿದ್ದು ಈಗ ಗೋಡೆ ಕಟ್ಟಿ ಮುಚ್ಚಿದ ಜಾಗದಲ್ಲಿ, ಗೋಡೆಯ ಸಂದಿಯಿಂದ ಒಬ್ಬಾತ ಕೊಡೆ ಹಿಡಿದು ಹಳಿಗೆ ಬಂದ. ಗಾಳಿಗೆ ಎದುರಾಗಿ ಕೊಡೆಯನ್ನು ಬಗ್ಗಿಸಿ ಹಿಡಿದಿದ್ದನಂತೆ. ಹಾರ್ನು ಕೂಗಿತು. ಬ್ರೇಕು ಬಿತ್ತು. ಅಷ್ಟು ತೂಕದ ಗಾಡಿ ನಿಲ್ಲುವ ಹೊತ್ತಿಗೆ ನಿಲ್ಲುತ್ತದೆ, ಮನುಷ್ಯನಿಗೆ ಬೇಕಾದ ಹೊತ್ತಿಗಲ್ಲ.

ಡ್ರೈವರು ಎಂಜಿನ್ ಬಿಟ್ಟು ಇಳಿಯುವಂತಿಲ್ಲ. ಎಂಜಿನ್ನು ಮುಂದೆ ಹೋಗಿ ನಿಂತಿರುತ್ತದೆ. ಆ ಜಾಗಕ್ಕೆ ಹತ್ತಿರವಿರುವವನು ಹಿಂದಿನ ಡಬ್ಬಿಯವನು. ನಾನು ಇಳಿದು ನಡೆದೆ. ಹೋಗಿ ನೋಡಿದೆ. ಅಲ್ಲಿಂದಲೇ ವಾಕಿಟಾಕಿಯಲ್ಲಿ ಹೇಳಬೇಕಾದಷ್ಟನ್ನು ಹೇಳಿದೆ. ಶರಣಪ್ಪ “ಹೂಂ” ಎಂದರು. ಆಮೇಲೆ ನಾವಿಬ್ಬರೂ ಅದರ ಬಗ್ಗೆ ಮಾತನಾಡಲಿಲ್ಲ.

ವಿಚಾರಣೆಯಲ್ಲಿ ಅವರ ತಪ್ಪೇನೂ ಕಾಣಲಿಲ್ಲ. ಆದರೆ ಅದರ ಬೆನ್ನಿಗೇ ಬಂದ ನಿಯತ ವೈದ್ಯಕೀಯ ಪರೀಕ್ಷೆಯಲ್ಲಿ ರಕ್ತದೊತ್ತಡ ಏರಿತ್ತು, ಸಕ್ಕರೆ ಏರಿತ್ತು. ಸದ್ಯಕ್ಕೆ ಗಾಡಿ ನಡೆಸುವಂತಿಲ್ಲ, ದಿನಾ ಬೆಳಗ್ಗೆ ಸೈಕಲ್ ತುಳಿದು ಎರಡನ್ನೂ ಇಳಿಸಿಕೊಳ್ಳಿ, ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಬನ್ನಿ ಎಂದರು. ಆಗಲೂ ಇಳಿಯದಿದ್ದರೆ ಎಂಜಿನ್ನಿನ ಋಣ ಮುಗಿದಂತೆ. ಶೆಡ್ಡಿನ ಆಫೀಸಿನಲ್ಲಿ ಒಂದು ಮೇಜು ಕೊಡುತ್ತಾರೆ.

“ಮೇಜು ಕೊಟ್ರ ಕೊಡ್ಲಿ, ನಾ ಬ್ಯಾಡ ಅನ್ನಂಗಿಲ್ಲ,” ಎಂದರು ಶರಣಪ್ಪ, ನಮ್ಮ ಜಗುಲಿಯ ಮೇಲೆ ಕೂತು. “ಆದ್ರ ಗಾರ್ಡ್ ಸಾಬ್, ಆ ಗಾಡಿನ ನಂದು ಕಡೀ ಗಾಡಿ ಆಗಬಾರ್ದು ನೋಡ್ರಿ. ಇನ್ನೊಂದು ಸಲ ಅದ ಲೈನಿನ ಮ್ಯಾಲೆ ನೆಟ್ಟಗ ಹೋಗಿ ನೆಟ್ಟಗ ಮುಟ್ಟಬೇಕು. ಒಂದ ಸಲ ಸಾಕು. ಆಮ್ಯಾಲೆ ಅವರ ಏನ್ ಮಾಡ್ತಾರ ಮಾಡ್ಲಿ.”

ಮಂಗಲಾ ಚಹಾ ತಂದಿಟ್ಟು ಒಳಗೆ ಹೋದಳು. ಎರಡು ಲೋಟಕ್ಕೂ ಸಕ್ಕರೆ ಹಾಕಿರಲಿಲ್ಲ.

ಗಡಿಯಾರ ತಂದದ್ದು ಶರಣಪ್ಪನವರ ಮಗಳು ಶ್ವೇತಾ. ನಾರಾಯಣಗೂಡದ ಕೋಚಿಂಗ್ ಸೆಂಟರ್ ಒಂದರಲ್ಲಿ ಫಿಸಿಕ್ಸ್ ಕಲಿಸುತ್ತಾಳೆ, ತಂದೆಗೂ ಹಾಗೇ ಕಲಿಸುತ್ತಾಳೆ. ಕಪ್ಪು ಪಟ್ಟಿಯ, ಡಬ್ಬಿಯ ಮುಚ್ಚಳದಷ್ಟು ಅಗಲದ ಗಡಿಯಾರ. ಉಪಗ್ರಹದಿಂದ ದಾರಿ ಹಿಡಿಯುತ್ತದೆ, ಅಡಿಯಲ್ಲಿ ಹಸಿರು ದೀಪ ಮಿನುಗಿಸಿ ಮಣಿಕಟ್ಟಿನಿಂದ ಎದೆಬಡಿತ ಎಣಿಸುತ್ತದೆ. ಆಮೇಲೆ ಎರಡನ್ನೂ ಕೂಡಿಸಿ ತಂದೆಯ ಫೋನಿನಲ್ಲೂ ಮಗಳ ಫೋನಿನಲ್ಲೂ ಚಿತ್ರ ಬರೆಯುತ್ತದೆ.

“ಅಪ್ಪಾ, ನೀ ಎಷ್ಟ ಜೋರ್ ಹೋಗ್ತಿ ಅನ್ನೋದು ಮುಖ್ಯ ಅಲ್ಲ,” ಎಂದಳು. “ಎದಿಬಡಿತ ನೂರಾ ಇಪ್ಪತ್ತೈದು ದಾಟಬಾರ್ದು ಅಂತ ಡಾಕ್ಟ್ರ ಹೇಳ್ಯಾರ. ಅದನ್ನ ಇದ್ರಾಗ ಹಾಕೀನಿ. ದಾಟಿದ್ರ ಕೈಗೆ ಗುಂಯ್ ಅಂತೈತಿ. ಅಂದ ಕೂಡ್ಲೆ ನಿಧಾನ ಮಾಡ್ಬೇಕು.”

“ಅಂದ್ರ ಕಾಷನ್ ಆರ್ಡರ್,” ಎಂದರು ಶರಣಪ್ಪ. ಹಳಿ ಸಡಿಲವಿದ್ದಲ್ಲಿ, ಸೇತುವೆ ರಿಪೇರಿಯಿದ್ದಲ್ಲಿ ಇಷ್ಟೇ ವೇಗದಲ್ಲಿ ಹೋಗಬೇಕೆಂದು ಡ್ರೈವರಿಗೆ ಕೊಡುವ ಚೀಟಿ ಅದು. ಅದನ್ನು ಮೀರಿದ ಡ್ರೈವರನ್ನು ಶರಣಪ್ಪ ಮನುಷ್ಯರ ಪಂಕ್ತಿಯಲ್ಲಿ ಸೇರಿಸುತ್ತಿರಲಿಲ್ಲ. ಹೀಗಾಗಿ ಗಡಿಯಾರಕ್ಕೆ ಅವರಷ್ಟು ವಿಧೇಯ ಶಿಷ್ಯ ಸಿಗುವುದು ಸಾಧ್ಯವಿರಲಿಲ್ಲ. ಅವರೊಬ್ಬರೇ ಹೋಗುವುದು ಬೇಡ ಎಂದು ಶ್ವೇತಾ ನನ್ನ ಕಡೆ ನೋಡಿದಳು. “ಕಾಕಾ, ನೀವೂ ಹೋಗ್ರಿ. ನಿಮಗೂ ಸಕ್ಕರಿ ಐತಲ್ಲ.” ನನಗೆ ಸಕ್ಕರೆಯಿರುವುದು ಇಡೀ ಗಲ್ಲಿಗೆ ಗೊತ್ತು, ಅದಕ್ಕೂ ಕಾರಣ ಮಂಗಲಾ.

ಹೀಗೆ ಜೂನ್ ತಿಂಗಳ ಒಂದು ತುಂತುರು ಬೆಳಗ್ಗೆ ನಮ್ಮ ಗಾಡಿ ಮಲ್ಕಾಜ್‌ಗಿರಿಯಿಂದ ಹೊರಟಿತು. ಶರಣಪ್ಪ ಮುಂದೆ, ನಾನು ಹಿಂದೆ. ಪಂಕ್ಚರ್ ಸಾಮಾನು, ಎರಡು ರೇನ್‌ಕೋಟು, ಗ್ಲೂಕೋಸು, ಇಬ್ಬರ ಇಸಿಜಿಯ ಪ್ರತಿ, ಬ್ಯಾಂಡೇಜು ಎಲ್ಲ ನನ್ನ ಬೆನ್ನ ಮೇಲೆ. ಶರಣಪ್ಪ ಸೀಟಿನ ಮೇಲೆ ಕೂತು, ಒಂದು ಕಾಲು ನೆಲಕ್ಕೆ ಊರಿ, ಬೆರಳನ್ನು ಗಡಿಯಾರದ ಗುಂಡಿಯ ಮೇಲಿಟ್ಟು ಸುಮ್ಮನೆ ನಿಂತಿದ್ದರು.

“ಯಾಕ್ರಿ? ಏನಾತು?” ಎಂದೆ, ಆಗಲೇ ಏನೋ ಆಯಿತೆಂದು ಗಾಬರಿಯಾಗಿ.

“ಸಿಗ್ನಲ್ ಕೊಡ್ರಲಾ.”

“ರೈಟ್,” ಎಂದೆ.

ಅವರು ಹಿಂದಿರುಗಿ ನೋಡಿ ಕೈಯೆತ್ತಿ “ರೈಟ್” ಎಂದು ಗುಂಡಿ ಒತ್ತಿದರು. ಗಡಿಯಾರ ಪಿಂಯ್ ಎಂದು ಸವಾರಿಯ ಲೆಕ್ಕ ಶುರುಮಾಡಿತು. ಸೈಕಲ್ಲು ಉರುಳಿತು. ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಮಂಗಲಾ ಶರಣಪ್ಪನವರ ಹೆಂಡತಿಗೆ ಹೇಳಿದ್ದು ನನಗೂ ಕೇಳಿಸಿತು: “ನೀಲಕ್ಕಾ, ಗೂಡ್ಸ್ ಗಾಡಿ ಹೊಂಟಂಗ ಕಾಣ್ತೈತಿ ನೋಡ.”

ಅವತ್ತಿನಿಂದ ಅದೇ ನಿಯಮವಾಯಿತು. ಎಲ್ಲಿ ನಿಂತರೂ, ಚೈನು ಹಾಕಿಕೊಳ್ಳಲು ನಿಂತರೂ, ಮರದ ಮರೆಗೆ ಹೋಗಿ ಬಂದರೂ, ನನ್ನ “ರೈಟ್” ಇಲ್ಲದೆ ಅವರು ಪೆಡಲಿಗೆ ಕಾಲಿಡುತ್ತಿರಲಿಲ್ಲ. ಚೌಕಗಳಲ್ಲಿ ಕೆಂಪು ದೀಪ ಕಂಡರೆ ತೋಳು ಚಾಚಿ “ಲಾಲ್!” ಎಂದು ಕೂಗುತ್ತಿದ್ದರು. ಸಹಾಯಕನ ಕೆಲಸವೂ ನನ್ನದೇ. ನಾನೂ “ಲಾಲ್!” ಎಂದು ಕೂಗಬೇಕು. ಒಂದು ದಿನ ಪಕ್ಕದಲ್ಲಿ ನಿಂತ ಆಟೋದವನು ತಲೆ ಹೊರಗೆ ಹಾಕಿ, “ಕ್ಯಾ ಚಾಚಾ, ಸ್ಕೂಲ್ ಕೀ ಪ್ರಾರ್ಥನಾ ಚಲ್ ರಹೀ ಕ್ಯಾ?” ಎಂದ. ಶರಣಪ್ಪ ಅವನ ಕಡೆ ನೋಡಲೂ ಇಲ್ಲ. ದೀಪ ಹಸಿರಾದಾಗ “ಹರಾ!” ಎಂದರು. ನಾನು, ಸ್ವಲ್ಪ ಸಣ್ಣ ದನಿಯಲ್ಲಿ, “ಹರಾ.”

ನಾಚಾರಂನ ಬಿಸ್ಕತ್ತಿನ ವಾಸನೆಯೊಳಗೆ ಸಕ್ಕರೆ ಕಾಯಿಲೆಯ ಇಬ್ಬರು ಬರಿಹೊಟ್ಟೆಯಲ್ಲಿ ಸೈಕಲ್ ತುಳಿಯುವ ಸಂಕಟ ಬರೆದು ತಿಳಿಸುವಂಥದ್ದಲ್ಲ.

“ಗಾರ್ಡ್ ಸಾಬ್, ವಾಸನಿ ತಗೊಂಡ್ರ ಸಕ್ಕರಿ ಏರ್ತೈತೇನ್ರಿ?”

“ಏರಂಗಿಲ್ಲ ಅನಸ್ತೈತಿ.”

“ಹಂಗಾರ ಇಲ್ಲಿ ಸ್ವಲ್ಪ ನಿಧಾನ ಹೋಗೂಣು.”

ವಾಪಸ್ ಬರುವಾಗ ಯೂಸುಫ್ ಭಾಯಿಯ ಚಹಾದ ಅಂಗಡಿ. ನಮ್ಮನ್ನು ಕಂಡೊಡನೆ ಅವರು ಕೈ ಗಡಿಯಾರ ನೋಡಿಕೊಂಡು, “ಆಜ್ ಗಾಡಿ ರೈಟ್ ಟೈಮ್ ಹೈ!” ಎಂದು ಒಳಗೆ ಕೂಗಿ ಹೇಳುವರು. “ಸ್ಟಾಫ್ ಕೇ ದೋ, ಬಗೈರ್ ಶಕ್ಕರ್!” ಸಕ್ಕರೆಯಿಲ್ಲದ ಎರಡು ಚಹಾ ಬರುತ್ತಿದ್ದವು. ಗಾಜಿನ ಬರಣಿಯಲ್ಲಿ ಉಸ್ಮಾನಿಯಾ ಬಿಸ್ಕತ್ತುಗಳು ಜೋಡಿಸಿಟ್ಟಿರುತ್ತಿದ್ದರು. ಶರಣಪ್ಪ ಬರಣಿಗೆ ಬೆನ್ನು ಮಾಡಿ ಕೂರುತ್ತಿದ್ದರು.

ಜುಲೈ ಹೊತ್ತಿಗೆ ಹೊಟ್ಟೆ ಕರಗತೊಡಗಿತು. ಅವರದು, ನನ್ನದಲ್ಲ. ಮೌಲಾಲಿ ಕಡೆಯ ಏರಿನಲ್ಲಿ ಮೊದಲು ಗುಂಯ್ ಗುಂಯ್ ಎನ್ನುತ್ತಿದ್ದ ಗಡಿಯಾರ ಆಮೇಲಾಮೇಲೆ ಸುಮ್ಮನಾಯಿತು. ಎಲ್ಲ ಸರಿಹೋಗುತ್ತಿದೆ ಎಂದು ನನಗೆ ದಿಗಿಲಾಗತೊಡಗಿತು. ನನ್ನ ಅನುಭವದಲ್ಲಿ ಎಲ್ಲ ಸರಿಹೋಗುತ್ತಿರುವುದು ಒಳ್ಳೆಯ ಲಕ್ಷಣವಲ್ಲ.

ಒಂದು ಭಾನುವಾರ ಶ್ವೇತಾ ಫೋನನ್ನು ನಮ್ಮ ಮುಂದೆ ಹಿಡಿದಳು. ಮೇಲೆ ನಕ್ಷೆ, ನಾವು ಹೋದ ದಾರಿ ನೀಲಿ ಗೆರೆಯಾಗಿ. ಕೆಳಗೆ ಎದೆಬಡಿತದ ಕೆಂಪು ಗೆರೆ. ಒಂದೊಂದೇ ದಿನದ ಚಿತ್ರ ಸರಿಸುತ್ತಾ ಹೋದಳು.

“ನೋಡ್ರಿ ಕಾಕಾ, ಏರಿನ್ಯಾಗ ಚಲೋ ಐತಿ. ಆದ್ರ ಇಲ್ಲಿ ನೋಡ್ರಿ, ಚರ್ಲಪಲ್ಲಿ ದಾಟಿದ ಮ್ಯಾಲೆ. ದಿನಾ ಇಲ್ಲೇ ಏರ್ತೈತಿ. ಇಲ್ಲೇನ್ ದಿಬ್ಬ ಐತೇನು?”

ಅಲ್ಲಿ ದಿಬ್ಬವಿಲ್ಲ. ಅಂಗೈಯಷ್ಟು ಸಪಾಟಾದ ರಸ್ತೆ. ನಾನು ನಕ್ಷೆ ನೋಡಿದೆ. ನೀಲಿ ಗೆರೆ ಪ್ರತಿದಿನ ಅಲ್ಲಿಯವರೆಗೆ ಹೋಗಿ, ಹಳಿಯ ಪಕ್ಕದ ದಾರಿ ಶುರುವಾಗುವ ಮೊದಲೇ, ಬಿಸಿ ಮುಟ್ಟಿದ ಬೆರಳಿನಂತೆ ಮಡಚಿಕೊಂಡು ವಾಪಸ್ ಬಂದಿತ್ತು. ಶರಣಪ್ಪ ಪ್ರತಿ ಸಲ ಅಲ್ಲಿ ಸೈಕಲ್ ತಿರುಗಿಸಿ ಹೇಳುತ್ತಿದ್ದ ಮಾತು ನೆನಪಾಯಿತು: “ಮುಂದ ರಸ್ತಾ ಭಾಳ ಖರಾಬ್ ಐತ್ರಿ.” ಮುಂದಿನ ರಸ್ತೆ ಹೊಸದಾಗಿ ಡಾಂಬರು ಹಾಕಿದ್ದು. ಅದರ ಕೊನೆಯಲ್ಲಿ ಮುಚ್ಚಿದ ಗೇಟಿತ್ತು.

ತಲೆಯೆತ್ತಿ ನೋಡಿದೆ. ನೀರು ಕುಡಿಯುವ ನೆಪದಲ್ಲಿ ಅವರು ಅಡುಗೆಮನೆಗೆ ಎದ್ದುಹೋಗಿದ್ದರು. ಒಳಗೆ ಲೋಟದ ಸದ್ದೂ ಇರಲಿಲ್ಲ.

ಮುಂದಿನ ವಾರವಿಡೀ ನನಗೆ ನಿದ್ದೆಯಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಡಾಕ್ಟರು ಆ ಸಂಜೆಯ ಮಾತೆತ್ತಿದರೆ? ಪಟ್ಟಿ ತೋಳಿನ ಮೇಲಿರುವಾಗಲೇ ಆಸ್ಪತ್ರೆಯ ಆಚೆ ಒಂದು ಗಾಡಿ ಹಾರ್ನು ಹೊಡೆದರೆ? ಏರನ್ನು ಗೆದ್ದದ್ದೆಲ್ಲ ವ್ಯರ್ಥ. ಗಡಿಯಾರಕ್ಕೆ ಕಂಡದ್ದು ಪಟ್ಟಿಗೆ ಕಾಣದೆ ಇರುತ್ತದೆಯೇ? ಹೇಳಬೇಕು. ಹೇಳಿದರೆ ನೊಂದಾರು. ಹೇಳದಿದ್ದರೆ ಕೆಟ್ಟಾರು. ಮಂಗಲಾ ಪಕ್ಕದಿಂದ, “ಏನ್ರೀ, ನಿಮ್ಮ ವಿಚಾರದ ಸಪ್ಪಳಕ್ಕ ನನಗ ಎಚ್ಚರ ಆಗಾಕತ್ತೈತಿ,” ಎಂದಳು. ಅವಳಿಗೆ ಹೇಳಿದೆ. ಅವಳು ನನ್ನ ಕಡೆ ಹೊರಳಿ, “ನೀವ ಅಲ್ಲೇನ್ ಅಲ್ಲಿ ಹೋಗಿ ನೋಡ್ದವ್ರು? ನೀವ ಕರ್ಕೊಂಡ್ ಹೋಗ್ರಿ,” ಎಂದಳು.

ಆಗಸ್ಟಿನ ಬೆಳಗು. ಮಳೆ ನಿಂತು ಆಕಾಶ ಬೂದಿಯ ಬಣ್ಣಕ್ಕಿತ್ತು. ಎಂದಿನ ಜಾಗದಲ್ಲಿ ಶರಣಪ್ಪ ಸೈಕಲ್ ತಿರುಗಿಸಿದರು, ಕಾಲೂರಿ ನಿಂತರು, ಬೆರಳನ್ನು ಗುಂಡಿಯ ಮೇಲಿಟ್ಟರು, ಕಾದರು.

ನಾನು “ರೈಟ್” ಎನ್ನಲಿಲ್ಲ.

“ಕೊಡ್ರಲಾ ಸಿಗ್ನಲ್.”

“ಈ ಕಡಿಗೆ ಕೊಡಂಗಿಲ್ರಿ. ಲೈನ್ ಕ್ಲಿಯರ್ ಆ ಕಡಿಗೆ ಐತಿ.”

ಅವರು ನನ್ನನ್ನೇ ನೋಡಿದರು. ನಾನು ನನ್ನ ಸೈಕಲ್ಲನ್ನು ಆ ಕಡೆಗೆ ತಿರುಗಿಸಿ ನಿಂತೆ.

“ಚ್ಯಾಷ್ಟಿ ಸಾಕು. ರಸ್ತಾ ಖರಾಬ್ ಐತಿ ಅಂದೀನಿ.”

“ರಸ್ತಾ ಚಲೋ ಐತ್ರಿ. ನಾ ನಿನ್ನೆ ಸ್ಕೂಟರ್ ಮ್ಯಾಲೆ ಬಂದು ನೋಡ್ಕೊಂಡ್ ಹೋಗೀನಿ.”

ಆಗ ಅವರಿಗೆ ಸಿಟ್ಟು ಬಂತು. ಅಷ್ಟು ವರ್ಷಗಳಲ್ಲಿ ನಾನದನ್ನು ನೋಡಿರಲಿಲ್ಲ. “ಹಿಂದಿನ ಡಬ್ಬಿಯೊಳಗ ಕುಂತು ಝಂಡಾ ಬೀಸಾವ್ರಿಗೆ ಮುಂದಿಂದ್ ಏನ್ ಗೊತ್ತಾಗ್ತೈತ್ರಿ? ಏನ್ ನೋಡೀರಿ ನೀವು? ಗಾಜಿನ ಆಚಿಕಡೆ ಏನ್ ಕಾಣ್ತೈತಿ, ಗೊತ್ತೈತೇನು?”

“ಮುಂದಿಂದು ಗೊತ್ತಿಲ್ರಿ,” ಎಂದೆ. “ಹಿಂದಿಂದು ಗೊತ್ತೈತಿ. ನಾ ಹೋಗಿ ನೋಡೀನಿ.”

ಒಂದು ಎಮ್ಮೆ ನಮ್ಮಿಬ್ಬರ ನಡುವೆ ಹಾದುಹೋಯಿತು. ಅವಸರವಿಲ್ಲದೆ. ಅದು ದಾಟಿದ ಮೇಲೂ ಶರಣಪ್ಪ ಅಲ್ಲೇ ಇದ್ದರು. ಆಮೇಲೆ ಸೈಕಲ್ಲಿನ ಮುಂದಿನ ಚಕ್ರವನ್ನು ನಿಧಾನವಾಗಿ ಹಳಿಯ ದಾರಿಯ ಕಡೆಗೆ ತಿರುಗಿಸಿದರು. ಕಾಲೂರಿ ನಿಂತರು.

“ರೈಟ್,” ಎಂದೆ.

ಅವರು ಉತ್ತರ ಕೊಡಲಿಲ್ಲ. ತುಳಿದರು.

ಗಡಿಯಾರ ಗುಂಯ್ ಎನ್ನತೊಡಗಿತು. ನಿಧಾನ ಮಾಡಿದರು, ಗುಂಯ್ ಎಂದಿತು. ಇಳಿದು ಸೈಕಲ್ ತಳ್ಳಿಕೊಂಡು ನಡೆದರು; ಆಗಲೂ ಗುಂಯ್ ಎಂದಿತು. ಕಾಷನ್ ಆರ್ಡರನ್ನು ಶರಣಪ್ಪ ಮೀರಿದ್ದು ಅದೇ ಮೊದಲು. ಇಲ್ಲೇ ಬಿದ್ದುಬಿಟ್ಟರೆ ಎಂದು ನಾನು ಗ್ಲೂಕೋಸಿನ ಪೊಟ್ಟಣ ಹುಡುಕುತ್ತಾ, ಎದೆಯ ವಿಷಯಕ್ಕೆ ಗ್ಲೂಕೋಸ್ ಏನು ಮಾಡೀತು ಎಂದು ನನಗೆ ನಾನೇ ಬೈದುಕೊಳ್ಳುತ್ತಾ ಹಿಂದೆ ನಡೆದೆ. ಗೋಡೆ ಬಂತು. ಅದರ ಸಂದಿಯನ್ನು ಈಗ ಕಲ್ಲಿಟ್ಟು ಮುಚ್ಚಿದ್ದರು. ಕಲ್ಲಿನ ಮೇಲೆ ಬಳ್ಳಿ ಹಬ್ಬಿ ಹಳದಿ ಹೂ ಬಿಟ್ಟಿತ್ತು. ಜಾಗ ಅಷ್ಟೇ. ಬೇರೆ ಏನೂ ಇರಲಿಲ್ಲ.

ದೂರದಿಂದ ಗಾಡಿ ಬಂತು. ಆ ಜಾಗದಲ್ಲಿ ಎಲ್ಲರೂ ಹೊಡೆಯುವ ಉದ್ದನೆಯ ಹಾರ್ನು ಹೊಡೆಯಿತು. ಶರಣಪ್ಪ ಸೈಕಲ್ಲಿನ ಹ್ಯಾಂಡಲ್ಲನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿದರು. ಬೋಗಿಗಳು ಒಂದೊಂದಾಗಿ ಹೋದವು. ಕೊನೆಯ ಡಬ್ಬಿಯ ಗಾರ್ಡು ನನ್ನ ಪರಿಚಯದವನು. ನನ್ನನ್ನು ಸೈಕಲ್ಲಿನೊಂದಿಗೆ ಕಂಡು ಬಾಯಿ ತೆರೆದವನು ಹಾಗೆಯೇ ದೂರವಾದ.

ಸದ್ದು ಪೂರ್ತಿ ಇಳಿದ ಮೇಲೆ ಶರಣಪ್ಪ ಕೇಳಿದರು. ಗೋಡೆಯನ್ನು ನೋಡುತ್ತಲೇ ಕೇಳಿದರು.

“ನೀವು ಹೋದಾಗ ಜೀವಾ ಇತ್ತೇನ್ರಿ?”

ಮೂರು ತಿಂಗಳು ಅವರು ಇಟ್ಟುಕೊಂಡಿದ್ದ ಪ್ರಶ್ನೆ ಅದು. ಎಂಜಿನ್ನಿನಲ್ಲಿ ಕೂತವರಿಗೆ ಅದು ಎಂದೂ ತಿಳಿಯುವುದಿಲ್ಲ. ಆದದ್ದರ ಅರ್ಧ ಮುಂದಿನವರ ಹತ್ತಿರ, ಉಳಿದರ್ಧ ಹಿಂದಿನವನ ಹತ್ತಿರ.

“ಇರಲಿಲ್ರಿ,” ಎಂದೆ. “ನಾ ಹೋಗೂದ್ರೊಳಗ ಎಲ್ಲಾ ಮುಗದಿತ್ತು. ನರಳಿಲ್ಲ. ಕೊಡಿ ಬಿಚ್ಚಿದ್ದು ಬಿಚ್ಚಿದಂಗ ಪಕ್ಕದಾಗ ಬಿದ್ದಿತ್ತು. ಒಂದ ಕಡ್ಡಿನೂ ಮುರದಿರಲಿಲ್ಲ. ನಾ ಅದನ್ನ ತಗೊಂಡು ಮುಖದ ಮ್ಯಾಲೆ ಮಳಿ ಬೀಳಧಂಗ ಹಿಡಕೊಂಡು ನಿಂತಿದ್ದೆ, ಪೊಲೀಸ್ರು ಬರೂತನಕ.”

ಅದು ನಿಜ. ಸುಳ್ಳು ಹೇಳುವುದಕ್ಕೆ ಬೇಕಾದ ಧೈರ್ಯ ನನ್ನಲ್ಲಿಲ್ಲ ಎನ್ನುವುದು ಶರಣಪ್ಪನವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ನಂಬಿದರು. ನನ್ನ ಪುಕ್ಕಲುತನ ಒಬ್ಬರ ಉಪಯೋಗಕ್ಕೆ ಬಂದದ್ದು ಬಹುಶಃ ಅದೊಂದೇ ಸಲ.

“ಕೊಡಿ ಹಿಡಿದಿದ್ರಿ?” ಎಂದರು.

“ಹೂಂ.”

“ಭಾಳೊತ್ತು?”

“ಭಾಳೊತ್ತು.”

ಶರಣಪ್ಪ ತೋಳಿನಿಂದ ಮುಖ ಒರೆಸಿಕೊಂಡರು. ಗಡಿಯಾರ ಯಾವಾಗ ಸುಮ್ಮನಾಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಅವತ್ತಿನಿಂದ ದಿನವೂ ಆ ದಾರಿಯಲ್ಲೇ ಹೋದೆವು. ಸೆಪ್ಟೆಂಬರಿನ ಜಡಿಮಳೆಯಲ್ಲೂ ಹೋದೆವು. ಶ್ವೇತಾಳ ಫೋನಿನಲ್ಲಿ ನೀಲಿ ಗೆರೆ ಈಗ ಮಡಚಿಕೊಳ್ಳುತ್ತಿರಲಿಲ್ಲ, ಗೇಟಿನವರೆಗೆ ನೆಟ್ಟಗೆ ಹೋಗಿ ಬರುತ್ತಿತ್ತು. ಕೆಂಪು ಗೆರೆ ಅಲ್ಲಿ ಪ್ರತಿದಿನ ಏರುತ್ತಿತ್ತು, ಆದರೆ ವಾರದಿಂದ ವಾರಕ್ಕೆ ಸ್ವಲ್ಪ ಕಡಿಮೆ. ಪೂರ್ತಿ ಮಲಗಲಿಲ್ಲ. ಅದು ಪೂರ್ತಿ ಮಲಗಬೇಕೆಂದು ನನಗೂ ಅನಿಸಲಿಲ್ಲ, ಅವರಿಗೂ ಅನಿಸಿರಲಾರದು. ಶ್ವೇತಾ ಅದೇನೆಂದು ಮತ್ತೆ ಕೇಳಲಿಲ್ಲ. ನೀಲಕ್ಕ ಹೇಳಿರಬೇಕು.

ಪರೀಕ್ಷೆಯ ದಿನ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬೆವರುತ್ತಿದ್ದ ನನ್ನನ್ನು ನೋಡಿ ನರ್ಸಮ್ಮ, “ಮೀರೂ ಟೆಸ್ಟ್‌ಕೇ ವಚ್ಚಾರಾ ಸಾರ್?” ಎಂದು ತೆಲುಗಿನಲ್ಲಿ ಕೇಳಿದರು. ನಾನು ಪರೀಕ್ಷೆಗೆ ಬಂದವನಲ್ಲ ಎನ್ನುವಷ್ಟರಲ್ಲಿ ಅವರೇ ಕೂರಿಸಿ ತೋಳಿಗೆ ಪಟ್ಟಿ ಸುತ್ತಿದರು. ನನ್ನದು ಸಿಕ್ಕಾಪಟ್ಟೆ ಏರಿತ್ತು. ಶರಣಪ್ಪನವರದು ಸರಿಯಿತ್ತು. ಅವರು ಹೊರಗೆ ಬಂದು, ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಕೂತ ನನ್ನನ್ನು ಕಂಡು ನಕ್ಕರು. ಆ ಮಳೆಗಾಲದಲ್ಲಿ ಅವರು ಹಲ್ಲು ಕಾಣುವಂತೆ ನಕ್ಕದ್ದು ಆಗಲೇ.

ಅಕ್ಟೋಬರಿನಲ್ಲಿ ಗಾಡಿ ಕೊಟ್ಟರು. ಅದೇ ಲೈನು, ಅದೇ ಸಂಜೆಯ ಗಾಡಿ. ಗಾರ್ಡ್ ನಾನೇ; ಕಾಡಿ ಬೇಡಿ ಹಾಕಿಸಿಕೊಂಡಿದ್ದೆ. ಕಾಜೀಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ಶರಣಪ್ಪ ಗಡಿಯಾರ ಬಿಚ್ಚಿ ನನ್ನ ಕೈಗಿಟ್ಟರು. ಎಂಜಿನ್ ಮೇಲೆ ಅಂಥದ್ದು ನಡೆಯುವುದಿಲ್ಲ.

“ನಿಮ್ಮ ಹತ್ರ ಇರ್ಲಿ. ಕಟ್ಕೋಬ್ಯಾಡ್ರಿ ಮತ್ತ, ನಿಮ್ಮ ಎದಿ ನೋಡಿ ಅದು ಸುಟ್ಟ ಹೋದೀತು.”

ಕಟ್ಟಿಕೊಳ್ಳಲಿಲ್ಲ. ಕೋಟಿನ ಜೇಬಿನಲ್ಲಿ ಹಾಕಿಕೊಂಡೆ. ಕೊನೆಯ ಡಬ್ಬಿಗೆ ಹತ್ತಿದೆ. ಸಿಗ್ನಲ್ ಬಿತ್ತು. ಬಲಗೈಯಲ್ಲಿ ಬಾವುಟ ಬೀಸುತ್ತಾ, ಎಡಗೈಯಲ್ಲಿ ಜೇಬಿನೊಳಗಿನ ಗಡಿಯಾರವನ್ನು ದೇವರ ಅಂಗಾರದ ಪೊಟ್ಟಣದಂತೆ ಅಮುಕಿ ಹಿಡಿದು “ರೈಟ್” ಎಂದೆ. ವಾಕಿಟಾಕಿಯಲ್ಲಿ ಉತ್ತರ ಬಂತು: “ರೈಟ್.” ಎಲ್ಲೋ ಪಿಂಯ್ ಎಂದಂತಾಯಿತು. ವಾಕಿಟಾಕಿಯ ಸದ್ದಿರಬೇಕು ಎಂದುಕೊಂಡೆ.

ಘಟ್‌ಕೇಸರ್ ದಾಟಿತು. ಬಾಗಿಲಿಗೆ ಬಂದು ನಿಂತೆ. ಗಾಳಿಯಿತ್ತು, ಮಳೆಯಿರಲಿಲ್ಲ. ಮುಂದೆ, ಬಹಳ ಮುಂದೆ, ಹಾರ್ನು ಎದ್ದಿತು. ಎಂದಿಗಿಂತ ಉದ್ದ. ಗಾಡಿಯ ವೇಗ ಕಾಲಿನಡಿಯಿಂದಲೇ ನನಗೆ ತಿಳಿಯುತ್ತದೆ, ಅದು ಬದಲಾಗಲಿಲ್ಲ. ಹಳದಿ ಹೂವಿನ ಗೋಡೆ ಬಂತು, ನನ್ನೆದುರು ಹಾದಿತು, ಹಿಂದೆ ಸರಿದು ಚಿಕ್ಕದಾಯಿತು. ಅಲ್ಲಿ ಯಾರೂ ಇರಲಿಲ್ಲ. ವಾಕಿಟಾಕಿ ಕೈಯಲ್ಲಿತ್ತು. ಚರ್ಲಪಲ್ಲಿಯ ಸಿಗ್ನಲ್ ಬಂದಾಗ, ಹೇಳಬೇಕಾದವರು ಪಕ್ಕದ ಸಹಾಯಕನಿಗೆ, ಆದರೂ ನನಗೂ ಕೇಳಿಸಲೆಂದೇ ಇರಬೇಕು, ವಾಕಿಟಾಕಿಯ ಗುಂಡಿ ಒತ್ತಿ ಶರಣಪ್ಪ “ಹರಾ” ಎಂದರು.

“ಹರಾ,” ಎಂದೆ.

ಸಿಕಂದರಾಬಾದಿನಲ್ಲಿ ಇಳಿದು, ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಜನರನ್ನು ತಳ್ಳಿಕೊಂಡು ಎಂಜಿನ್ನಿನ ಹತ್ತಿರ ಹೋದೆ. ಶರಣಪ್ಪ ಕೆಲಸ ಒಪ್ಪಿಸಿ ಇಳಿದು ನಿಂತಿದ್ದರು. ಎಂಜಿನ್ನಿನ ಮೈಗೆ ಒಂದು ಕೈ ಆನಿಸಿದ್ದರು, ಎತ್ತಿನ ಬೆನ್ನಿಗೆ ಆನಿಸಿದ ಹಾಗೆ. ನಾನು ಗಡಿಯಾರ ತೆಗೆದು ಕೊಟ್ಟೆ. ಅವರು ಅದನ್ನು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

“ಗಾರ್ಡ್ ಸಾಬ್, ಇದು ಓಡಾಕತ್ತೈತಲ್ರಿ.”

ಕಾಜೀಪೇಟೆಯಲ್ಲಿ ಬಾವುಟ ಬೀಸುವಾಗ ನನ್ನ ಎಡಗೈಯ ಹೆಬ್ಬೆರಳು, ಮಳೆಗಾಲವಿಡೀ “ರೈಟ್” ಎಂದೊಡನೆ ಆಗುತ್ತಿದ್ದ ಕೆಲಸವನ್ನು ತಾನೇ ಮಾಡಿಬಿಟ್ಟಿತ್ತು. ಅವರು ಗುಂಡಿ ಒತ್ತಿ ನಿಲ್ಲಿಸಿದರು. ಗಡಿಯಾರ ಸಂಭ್ರಮದಿಂದ ನಡುಗಿತು. ಸವಾರರಿಗೆ ಅಭಿನಂದನೆ ಹೇಳಿತು: ಈವರೆಗಿನ ಅತಿ ಉದ್ದದ ಸೈಕಲ್ ಸವಾರಿ, ಈವರೆಗಿನ ಅತಿ ವೇಗದ ಸೈಕಲ್ ಸವಾರಿ. ಮರುಕ್ಷಣವೇ ಅವರ ಫೋನು ಹೊಡೆದುಕೊಂಡಿತು. ಶ್ವೇತಾ. ನನಗೂ ಕೇಳಿಸುವಷ್ಟು ಜೋರಾಗಿ ಅವಳು, “ಅಪ್ಪಾ! ಡ್ಯೂಟಿ ಐತಿ ಅಂದು ಸೈಕಲ್ ತಗೊಂಡ್ ಎಲ್ಲಿ ಹೋಗೀದಿ? ಯಾರ ಲಾರಿ ಹಿಡ್ಕೊಂಡ್ ಹೋದಿ?” ಎನ್ನುತ್ತಿದ್ದಳು.

ತಪ್ಪಾಯ್ತು, ಅಳಿಸಿಬಿಡೋಣ, ಹೇಗೆ ಅಳಿಸುವುದು ಎಂದು ಅವಳನ್ನೇ ಕೇಳಿ ಎಂದೆ. ಶರಣಪ್ಪ ಫೋನಿನಲ್ಲಿ ನಕ್ಷೆ ತೆಗೆದರು. ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿದರು, ಇನ್ನೂ ಹಿಗ್ಗಿಸಿದರು, ಗೇಟಿನ ಜಾಗ ಪರದೆಯ ತುಂಬ ಬರುವವರೆಗೆ. ನೀಲಿ ಗೆರೆ ಅಲ್ಲಿ ನಿಂತಿರಲಿಲ್ಲ, ಮಡಚಿರಲಿಲ್ಲ, ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ನೆಟ್ಟಗೆ ಹೋಗಿತ್ತು. ಕೆಳಗೆ ಎದೆಬಡಿತ ಇರಬೇಕಾದಲ್ಲಿ, ಗಡಿಯಾರ ಯಾರ ಕೈಯ ಮೇಲೂ ಇರಲಿಲ್ಲವಾದ್ದರಿಂದ, ಎರಡು ಅಡ್ಡಗೀಟು ಮಾತ್ರ ಇದ್ದವು.

“ಇರ್ಲಿ ಬಿಡ್ರಿ,” ಎಂದರು. “ಅಳಸಬ್ಯಾಡ್ರಿ.”

ಆ ಮಳೆಗಾಲದಲ್ಲಿ ತಪ್ಪಾದದ್ದು ಅದೊಂದೇ. ಶರಣಪ್ಪನವರ ಗಡಿಯಾರದಲ್ಲಿ ಇವತ್ತಿಗೂ ಅವರು ಕಾಜೀಪೇಟೆಯಿಂದ ಸಿಕಂದರಾಬಾದಿಗೆ ಸೈಕಲ್ ಮೇಲೆ ಬಂದಿದ್ದಾರೆ.